ಸಹಾಯ ಬೇಕು: ಮಕ್ಕಳ ಸಂಜೆ ತಿಂಡಿಯಲ್ಲಿ ಸಕ್ಕರೆ, ಮೈದಾ ಕಡಿಮೆ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ, ನಾವು ಮಂಡ್ಯದವರು. ಮಗನಿಗೆ ಏಳು ವರ್ಷ, ಮಗಳಿಗೆ ನಾಲ್ಕು. ಊಟಕ್ಕೆ ಮುದ್ದೆ, ಬಸ್ಸಾರು ಚೆನ್ನಾಗಿಯೇ ತಿನ್ನುತ್ತಾರೆ, ಕಷ್ಟ ಇರುವುದು ಸ್ಕೂಲಿನಿಂದ ಬಂದ ಮೇಲೆ. ಬನ್ನು, ಕ್ರೀಮ್ ಬಿಸ್ಕತ್ತು, ಹಾಲಿಗೆ ಚಾಕೊಲೇಟ್ ಪುಡಿ, ಇಷ್ಟು ಬಿಟ್ಟು ಬೇರೇನೂ ಬೇಡ ಅಂತ ಹಟ.

ದಿನದ ಕ್ಯಾಲೊರಿಯಲ್ಲಿ ಮೇಲಿಂದ ಹಾಕುವ ಸಕ್ಕರೆ, ಜೇನುತುಪ್ಪ, ಜ್ಯೂಸಿನಲ್ಲಿರುವುದೂ ಸೇರಿ, ಶೇ. 10ಕ್ಕಿಂತ ಕಡಿಮೆ ಇರಬೇಕು, ಶೇ. 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಒಂದು ಟೀ ಚಮಚ ಸಕ್ಕರೆ ಸುಮಾರು 4 ಗ್ರಾಂ. ಪ್ಯಾಕೆಟ್ ಹಿಂದೆ ಓದಿ ಲೆಕ್ಕ ಹಾಕಿದರೆ ಭಯವಾಗುತ್ತದೆ.

ಸಕ್ಕರೆ ಬದಲು ಬೆಲ್ಲ ಹಾಕು, ಏನೂ ಆಗಲ್ಲ ಅನ್ನುತ್ತಾರೆ ಅತ್ತೆ. ಆಲೆಮನೆ ನೋಡಿ ಬೆಳೆದವರು, ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಬೆಲ್ಲದಲ್ಲೂ ಬಹುಪಾಲು ಇರುವುದು ಸಕ್ಕರೆಯೇ ಅಲ್ವಾ? ಅವರಿಗೆ ಬೇಜಾರಾಗದ ಹಾಗೆ ಇದನ್ನು ಹೇಗೆ ಹೇಳಲಿ?

ಕಾಳಿನ ಉಸ್ಲಿ ಮಗ ಸ್ವಲ್ಪ ತಿನ್ನುತ್ತಾನೆ, ಮಗಳು ಮುಟ್ಟುವುದೇ ಇಲ್ಲ. ಇಡೀ ಕಡಲೆಬೀಜ ಅವಳ ಗಂಟಲಿಗೆ ಸಿಕ್ಕಿಕೊಂಡರೆ ಅಂತ ಕೊಡುವುದಿಲ್ಲ. ನಾನು ಕೆಲಸದಿಂದ ಬರುವುದೇ ಐದೂವರೆಗೆ, ಹಾಗಾಗಿ ರಾತ್ರಿಯೇ ಅರ್ಧ ತಯಾರಿ ಮಾಡಿಡಬಹುದಾದ, ಸಿಹಿ ಇಲ್ಲದ ರಾಗಿ ಅಥವಾ ಕಾಳಿನ ತಿಂಡಿ ಇದ್ದರೆ ಅಳತೆ ಸಮೇತ ಬರೆಯಿರಿ. ಬಿಸ್ಕತ್ತು ಒಮ್ಮೆಲೇ ನಿಲ್ಲಿಸಿದಿರಾ, ನಿಧಾನವಾಗಿಯಾ? ನಿಮ್ಮ ಮನೆಯಲ್ಲಿ ನಡೆದಿದ್ದನ್ನೇ ಹೇಳಿ, ಪ್ಲೀಸ್.