ಕ್ಯೂಟಿ ಡಿಸೈನರ್‌ನಲ್ಲಿ ಸ್ವಂತ ವಿಜೆಟ್ (ಬಟನ್, ಡಯಲ್ ತರಹದ ಸ್ಕ್ರೀನಿನ ಭಾಗ) ಕೂರಿಸಿದವರು ಇದ್ದೀರಾ?

ಕೇಳಿದವರು, ಗಂಗಾವತಿ:
ಇಲ್ಲಿನ ಒಂದು ರೈಸ್ ಮಿಲ್‌ಗೆ, ಕಾಟಾ ರೂಮಿನಲ್ಲಿ ಇಡುವ ಸ್ಕ್ರೀನ್ ಮಾಡುತ್ತಿದ್ದೇನೆ. ಪೈಥಾನ್, ಅದರಲ್ಲಿ ಸ್ಕ್ರೀನ್ ಕಟ್ಟೋಕೆ ಪೈಕ್ಯೂಟಿ 5 ಲೈಬ್ರರಿ. ಭತ್ತದ ತೇವ ತೋರಿಸೋಕೆ ಮುಳ್ಳು ತಿರುಗುವ ಡಯಲ್ ಒಂದನ್ನು ನಾನೇ ಬರೆದಿದ್ದೇನೆ. ಸರ್ಕಾರಿ ಖರೀದಿಯ ಮಿತಿ 17 ಪರ್ಸೆಂಟ್ ಅಲ್ವಾ, ಅದು ದಾಟಿದರೆ ಕೆಂಪಾಗುತ್ತದೆ. ಬಟನ್, ಟೇಬಲ್ ಎಲ್ಲ ಕ್ಯೂಟಿ ಡಿಸೈನರ್‌ನಲ್ಲಿ ಎಳೆದು ಕೂರಿಸಿಯಾಯಿತು. ಈ ಡಯಲ್ ಮಾತ್ರ ಅದರ ಪಟ್ಟಿಯಲ್ಲೇ ಇಲ್ಲ. ಅದನ್ನು ಪಟ್ಟಿಗೆ ಸೇರಿಸುವ ಪ್ಲಗಿನ್ ಬರೆಯಲೇಬೇಕಾ?

ರಾಯಚೂರಿನಿಂದ:
ಒಂದು ಡಯಲ್‌ಗೆ ಪ್ಲಗಿನ್ ಯಾಕೆ ಸರ್? ಪ್ರೊಮೋಟ್, ಅಂದರೆ ಖಾಲಿ ವಿಜೆಟ್ ಒಂದರ ಜಾಗಕ್ಕೆ ನಿಮ್ಮ ಕ್ಲಾಸ್ ಬರುವಂತೆ ಮಾಡುವುದು, ಸಾಕು. ಡಯಲ್ ಬರಬೇಕಾದ ಜಾಗದಲ್ಲಿ ಖಾಲಿ ವಿಜೆಟ್ ಇಟ್ಟು, ರೈಟ್ ಕ್ಲಿಕ್ ಮಾಡಿ, ‘ಪ್ರೊಮೋಟ್ ಟು’ ಆರಿಸಿ. ಕ್ಲಾಸ್ ಹೆಸರು ಕೊಡಿ. ಹೆಡರ್ ಫೈಲ್ ಅಂತ ಕೇಳುವ ಕಡೆ ನಿಮ್ಮ ಮಾಡ್ಯೂಲ್ ಹೆಸರು (ಕ್ಲಾಸ್ ಇರುವ ಪೈಥಾನ್ ಫೈಲಿನ ಹೆಸರು, ಕೊನೆಯ ‘ಡಾಟ್ ಪಿವೈ’ ಬಿಟ್ಟು) ಹಾಕಿ. ನಾನು ಅಲ್ಲಿ ‘ಡಾಟ್ ಪಿವೈ’ ಸೇರಿಸಿ ಬರೆದು, ಮಾಡ್ಯೂಲ್ ಸಿಗ್ತಿಲ್ಲ ಅನ್ನುವ ಎರರ್ ನೋಡುತ್ತಾ ಒಂದು ಸಂಜೆ ಪೂರ್ತಿ ಕೂತಿದ್ದೆ!

ಇನ್ನೊಂದು. ನಿಮ್ಮ ಕ್ಲಾಸಿನ ಇನಿಟ್ (ಶುರುವಿನಲ್ಲಿ ಓಡುವ ಫಂಕ್ಷನ್), ಪೇರೆಂಟ್ (ಡಯಲ್ ಕೂರುವ ಹೊರಗಿನ ವಿಜೆಟ್) ತಗೊಳ್ಳುವಂತಿರಲಿ. ಡಿಸೈನರ್ ಉಳಿಸುವ ಯುಐ ಫೈಲ್‌ನಿಂದ ಬರುವ ಕೋಡ್ ಅದನ್ನು ಕಳಿಸಿಯೇ ಕಳಿಸುತ್ತದೆ. ಡಿಸೈನರ್ ಒಳಗೆ, ಪ್ರಿವ್ಯೂನಲ್ಲೂ, ಖಾಲಿ ಡಬ್ಬಿಯೇ ಕಾಣುತ್ತದೆ. ಗಾಬರಿ ಬೇಡ, ಪ್ರೋಗ್ರಾಂ ಓಡಿಸಿದಾಗ ಮುಳ್ಳು ಬರುತ್ತದೆ. ಮಿನಿಮಮ್ ಸೈಜ್ ಮಾತ್ರ ಅಲ್ಲೇ ಕೊಟ್ಟುಬಿಡಿ. ಇಲ್ಲದಿದ್ದರೆ ಲೇಔಟ್ ಅದನ್ನು ಹಿಂಡಿ ಹಾಕುತ್ತದೆ.

ಬಳ್ಳಾರಿಯಿಂದ:
ಒಂದೇ ಸ್ಕ್ರೀನ್ ಆದರೆ ರಾಯಚೂರಿನವರ ಮಾತು ಸರಿ. ಆದರೆ ಪ್ರೊಮೋಟ್ ಮಾಡಿದರೆ ನಿಮ್ಮ 17ರ ಮಿತಿ ಪ್ರಾಪರ್ಟಿ ಪಟ್ಟಿಯಲ್ಲಿ ಬರಲ್ಲ, ಕೋಡ್‌ನಲ್ಲೇ ಬದಲಿಸಬೇಕು. ಹತ್ತಾರು ಸ್ಕ್ರೀನ್ ಇದ್ದು, ಡಿಸೈನ್ ಮಾಡುವವರು ಬೇರೆಯವರಾಗಿದ್ದರೆ ಪ್ಲಗಿನ್ ಬರೆದ ಶ್ರಮ ಸಾರ್ಥಕ. ಪೈಕ್ಯೂಟಿಯಲ್ಲಿ ಆ ಫೈಲಿನ ಹೆಸರು ‘ಪ್ಲಗಿನ್ ಡಾಟ್ ಪಿವೈ’ ಅಂತ ಮುಗಿಯಬೇಕು, ನೆನಪಿರಲಿ.

ಸಿ ಪ್ಲಸ್ ಪ್ಲಸ್‌ನವರಿಗೆ ಬೇರೆ ತಲೆನೋವು. ಪ್ಲಗಿನ್ ಮತ್ತು ಡಿಸೈನರ್ ಎರಡೂ ಒಂದೇ ಕಂಪೈಲರ್‌ನಲ್ಲಿ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವ ಸಾಧನ) ಆಗಿರಬೇಕು. ನಾನು ವಿಂಡೋಸ್‌ನಲ್ಲಿ ಮಿನ್‌ಜಿಡಬ್ಲ್ಯು ಕಂಪೈಲರ್‌ನಲ್ಲಿ ಕಟ್ಟಿದ್ದೆ, ಡಿಸೈನರ್ ಒಳಗೇ ಇರುವ ಕ್ಯೂಟಿ ಕ್ರಿಯೇಟರ್ ಆಗಿದ್ದು ಎಂಎಸ್‌ವಿಸಿ ಕಂಪೈಲರ್‌ನಲ್ಲಿ. ಎರಡು ದಿನ ಸುಮ್ನೆ ಹೋಯಿತು. ಕ್ರಿಯೇಟರ್‌ನ ಟೂಲ್ಸ್ ಮೆನುವಿನ ‘ಫಾರ್ಮ್ ಎಡಿಟರ್’ ಒಳಗಿರುವ ‘ಅಬೌಟ್ ಕ್ಯೂಟಿ ಡಿಸೈನರ್ ಪ್ಲಗಿನ್ಸ್’ ಮೊದಲೇ ತೆರೆದು ನೋಡಿದ್ದರೆ ಲೋಡ್ ಆಗಿಲ್ಲ ಅಂತ ಆವತ್ತೇ ಗೊತ್ತಾಗುತ್ತಿತ್ತು.

ಕೇಳಿದವರು, ಗಂಗಾವತಿ:
ಪ್ರೊಮೋಟ್‌ನಲ್ಲೇ ಆಯಿತು ಅಣ್ಣ. ನಾನು ಪೇರೆಂಟ್ ಬಿಟ್ಟಿದ್ದೆ, ಅದಕ್ಕೇ ಎರರ್ ಬಂತು. ಈಗ ಹಮಾಲರು ಲಾರಿ ಹತ್ತಿರ ನಿಂತು ನೋಡಿ, ಮುಳ್ಳು ಕಾಣ್ತಿಲ್ಲ ಅಂತಿದ್ದಾರೆ. ದಪ್ಪ ಮಾಡುತ್ತಾ ಕೂತಿದ್ದೇನೆ.