ಅಪ್‌ಡೇಟ್: ಸ್ಮಾರ್ಟ್ ಪ್ಲಗ್ ಈಗ ಆಫ್‌ಲೈನ್ ಆಗುತ್ತಿಲ್ಲ

ತುಮಕೂರಿನ ನಮ್ಮ ಮನೆಯಲ್ಲಿ ಕರೆಂಟ್ ಹೋಗಿ ಬಂದ ಮೇಲೆ, ಫೋನ್‌ನಿಂದಲೇ ಆನ್-ಆಫ್ ಮಾಡೋ ಸ್ಮಾರ್ಟ್ ಪ್ಲಗ್‌ಗಳು ವೈಫೈಗೆ ಸೇರೋದೇ ಇಲ್ಲ ಅಂತ ಕೇಳಿದ್ದೆನಲ್ಲ, ಸರಿಹೋಯಿತು! ರೂಟರ್ ಚಾನೆಲ್ (ವೈಫೈ ಸಿಗ್ನಲ್ ಹೋಗೋ ರೇಡಿಯೋ ದಾರಿಯ ನಂಬರ್) ನೋಡಿ ಅಂದವರಿಗೆ ತುಂಬಾ ಥ್ಯಾಂಕ್ಸ್. ರೂಟರ್ ಮತ್ತೆ ಆನ್ ಆದಾಗ ಆಟೋ ಸೆಟ್ಟಿಂಗ್‌ನಲ್ಲಿ ತಾನೇ ಚಾನೆಲ್ ಆರಿಸಿಕೊಂಡು, ಕೆಲವು ಸಲ 13ಕ್ಕೆ ಹೋಗಿ ಕೂರುತ್ತಿತ್ತು. ನಮ್ಮ ದೇಶದಲ್ಲಿ 13 ನಡೆಯುತ್ತೆ, ನನ್ನ ಫೋನ್‌ಗೂ ಸಿಗುತ್ತೆ, ಅದಕ್ಕೇ ಅನುಮಾನ ಬರಲಿಲ್ಲ. ಆದರೆ ಅಮೆರಿಕದ ಸೆಟ್ಟಿಂಗ್ ಇರುವ ಸಾಧನಗಳು 11ರ ತನಕ ಮಾತ್ರ ಹುಡುಕುತ್ತವಂತೆ, ನಮ್ಮ ಪ್ಲಗ್‌ಗಳೂ ಹಾಗೇ ಇರಬೇಕು, ವಿಚಿತ್ರ ಅಲ್ವಾ? 2.4 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ 6 ಫಿಕ್ಸ್ ಮಾಡಿದೆ, ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇಟ್ಟೆ. ಈಗ ಕರೆಂಟ್ ಬಂದ ಸ್ವಲ್ಪ ಹೊತ್ತಿಗೆ ಪ್ಲಗ್ ಸೇರಿಕೊಂಡು ಅದರ ನೀಲಿ ಲೈಟ್ ಮಿನುಗೋದು ನಿಲ್ಲುತ್ತೆ. ಪ್ಲಗ್ ರೀಸೆಟ್, ಆ್ಯಪ್ ಅಳಿಸಿ ಹಾಕೋದು ಎಲ್ಲಾ ಸುಮ್ನೆ ಟೈಮ್ ವೇಸ್ಟ್. ಗೇಟ್ ಹತ್ತಿರದ ಸ್ಮಾರ್ಟ್ ಬಲ್ಬ್ ಮಾತ್ರ ಒಮ್ಮೊಮ್ಮೆ ಕೈಕೊಡುತ್ತೆ, ಅದು ರೂಟರ್‌ನಿಂದ ದೂರ ಜಾಸ್ತಿ, ಮಧ್ಯೆ ಕಬ್ಬಿಣದ ಶಟರ್ ಬೇರೆ ಇದೆ.