ಹತ್ತು ಮನೆ, ಒಂದು ಅಂಗಳ: ವಿಜಯಪುರದಲ್ಲಿ ಕೋಹೌಸಿಂಗ್ ಸಾಧ್ಯವೇ?

ಪ್ರಶ್ನೆ (ವಿಜಯಪುರ, ನಿವೃತ್ತ ಶಿಕ್ಷಕ)

ನಾವು ಶಿಕ್ಷಕ ವೃತ್ತಿಯಿಂದ ನಿವೃತ್ತರಾದ, ಇಲ್ಲವೇ ನಿವೃತ್ತಿಗೆ ಸಮೀಪದಲ್ಲಿರುವ ಹತ್ತು ಕುಟುಂಬದವರು ಸೇರಿ ಸೋಲಾಪುರ ರಸ್ತೆಯ ಕಡೆ ಎನ್‌ಎ (ಕೃಷಿಯೇತರ) ಆದ 30 ಗುಂಟೆ ಜಾಗ ಕೊಂಡಿದ್ದೇವೆ. ಹತ್ತು ಪ್ಲಾಟು ಮಾಡಿ, ತಂತಮ್ಮ ಕಂಪೌಂಡು, ತಂತಮ್ಮ ಬೋರು ಎಂಬುದು ಮೊದಲಿನ ಯೋಚನೆಯಾಗಿತ್ತು. ಆದರೆ ಕಳೆದ ವರ್ಷ ನಮ್ಮ ಗೆಳೆಯರೊಬ್ಬರ ಪತ್ನಿ ಬಚ್ಚಲಲ್ಲಿ ಜಾರಿ ಬಿದ್ದಾಗ, ಗೆಳೆಯರು ಪರವೂರಿಗೆ ಹೋಗಿದ್ದರಿಂದ, ಮೂರು ತಾಸು ಯಾರಿಗೂ ಗೊತ್ತಾಗಲಿಲ್ಲ. ಪಕ್ಕದ ಮನೆ ಇಪ್ಪತ್ತೇ ಅಡಿ ದೂರದಲ್ಲಿತ್ತು. ನಡುವೆ ಎರಡು ಗೋಡೆಗಳಿದ್ದವು. ಅಂದಿನಿಂದ ನಮ್ಮೊಳಗೆ ಕೋಹೌಸಿಂಗ್, ಅಂದರೆ ಮನೆ ಬೇರೆ ಬೇರೆ, ಅಂಗಳ ಒಂದೇ ಎಂಬ ವಸತಿಯ ಮಾತು ನಡೆದಿದೆ. ಇದರಿಂದ ಬದುಕಿಗೂ ಪರಿಸರಕ್ಕೂ ನಿಜವಾಗಿ ಲಾಭವಿದೆಯೇ, ಅಥವಾ ಅವಿಭಕ್ತ ಕುಟುಂಬದ ಜಗಳಗಳನ್ನೇ ಹೊಸ ಹೆಸರಿನಲ್ಲಿ ತಂದುಕೊಳ್ಳುತ್ತೇವೆಯೇ? ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ 1 (ಬೆಳಗಾವಿ, ವಾಸ್ತುಶಿಲ್ಪಿ)

ಗುರುಗಳೇ, ಅವಿಭಕ್ತ ಕುಟುಂಬದ ಅಂಜಿಕೆಯನ್ನು ಮೊದಲು ಬಿಡಿರಿ. ಕೋಹೌಸಿಂಗ್‌ನಲ್ಲಿ ಪ್ರತಿ ಮನೆಗೂ ತನ್ನದೇ ಬಾಗಿಲು, ತನ್ನದೇ ಅಡುಗೆಮನೆ, ತನ್ನದೇ ಹಣಕಾಸು ಇರುತ್ತವೆ. ಅಂಗಳ ಮತ್ತು ಒಂದು ಸಾಮೂಹಿಕ ಮನೆ ಮಾತ್ರ ಎಲ್ಲರಿಗೂ ಸೇರಿದವು. ಆ ಮನೆಯಲ್ಲಿ ದೊಡ್ಡ ಅಡುಗೆಮನೆ, ಪಂಕ್ತಿಗೆ ಜಾಗ, ಬಟ್ಟೆ ಒಗೆಯುವ ಯಂತ್ರಗಳು, ಬೀಗರು ಬಿಜ್ಜರು ಬಂದರೆ ಇಳಿಯಲು ಕೋಣೆಗಳು ಇರುತ್ತವೆ. ಅಪಾರ್ಟ್‌ಮೆಂಟಿಗೂ ಇದಕ್ಕೂ ಇರುವ ವ್ಯತ್ಯಾಸವೆಂದರೆ, ವಾಸಿಸುವವರೇ ಮೊದಲಿನಿಂದ ಕುಳಿತು ನಕ್ಷೆ ನಿರ್ಧರಿಸುತ್ತಾರೆ ಮತ್ತು ಮುಂದೆ ತಾವೇ ನಡೆಸುತ್ತಾರೆ.

ಈ ಪದ್ಧತಿ ಬೆಳೆದದ್ದು ಡೆನ್ಮಾರ್ಕಿನಲ್ಲಿ. ಒಂದು ಮಗುವಿಗೆ ನೂರು ತಂದೆತಾಯಿಗಳಿರಬೇಕು ಎಂದು 1967ರಲ್ಲಿ ಬೋಡಿಲ್ ಗ್ರೋ ಎಂಬ ಲೇಖಕಿ ಪತ್ರಿಕೆಯಲ್ಲಿ ಬರೆದರು. ವಾಸ್ತುಶಿಲ್ಪಿ ಯಾನ್ ಗುಡ್ಮಂಡ್-ಹಾಯರ್ ಅದೇ ಕಾಲದಲ್ಲಿ ಇಂಥ ವಸತಿಯ ನಕ್ಷೆಗಳನ್ನು ಮಾಡುತ್ತಿದ್ದರು. 1972ರಲ್ಲಿ ಸೆಟ್ಟೆಡಾಮೆನ್ ಎಂಬಲ್ಲಿ 27 ಮನೆಗಳ ಮೊದಲ ವಸತಿ ಎದ್ದು ನಿಂತಿತು. ಅಮೆರಿಕದ ಡೇವಿಸ್ ನಗರದಲ್ಲಿ 26 ಮನೆಗಳ ಮ್ಯೂರ್ ಕಾಮನ್ಸ್ 1991ರಲ್ಲಿ ಬಂದಿತು. ಇವುಗಳಲ್ಲಿ ವಾಹನಗಳನ್ನು ಜಾಗದ ಅಂಚಿನಲ್ಲಿಯೇ ನಿಲ್ಲಿಸುವ ರೂಢಿಯಿದೆ. ಅಲ್ಲಿಂದ ಮನೆಗೆ ನಡೆದುಹೋಗುವಾಗ ಯಾರ ಕಿಟಕಿ ತೆರೆದಿಲ್ಲ ಎಂಬುದು ಕಣ್ಣಿಗೆ ಬೀಳುತ್ತದೆ. ನಿಮ್ಮ ಗೆಳೆಯರ ಮನೆಯ ಸುತ್ತ ಇಲ್ಲದೇ ಹೋದದ್ದು ಇದೇ.

ವರ್ಷಕ್ಕೆ ಎರಡು ಸಲ ಬರುವ ಮಕ್ಕಳಿಗಾಗಿ ಹತ್ತು ಮನೆಗಳಲ್ಲಿ ಹತ್ತು ಕೋಣೆ ಕಟ್ಟುವ ಬದಲು ಸಾಮೂಹಿಕ ಮನೆಯಲ್ಲಿ ಮೂರು ಕಟ್ಟಿದರೆ ಸಿಮೆಂಟು, ಕಬ್ಬಿಣ, ಇಟ್ಟಿಗೆ ಎಲ್ಲವೂ ಉಳಿಯುತ್ತವೆ. ಹಬ್ಬಕ್ಕೆ ಎಲ್ಲರ ಮಕ್ಕಳೂ ಒಮ್ಮೆಲೇ ಬಂದರೆ ಪಂಕ್ತಿಯ ಜಾಗದಲ್ಲಿಯೇ ಹಾಸಿಗೆ ಹಾಸಬಹುದು. ಮದುವೆ ಮನೆಗಳಲ್ಲಿ ನಾವೆಲ್ಲ ಹಾಗೆಯೇ ಮಲಗಿ ಬೆಳೆದವರು.

ಉತ್ತರ 2 (ವಿಜಯಪುರ, ಸಿವಿಲ್ ಎಂಜಿನಿಯರ್)

ನಮ್ಮ ಊರಿನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಲಾಭ ನೀರಿನದು. ನಮ್ಮ ಕೆಳಗಿರುವುದು ಕಪ್ಪು ಬಸಾಲ್ಟ್ ಬಂಡೆ. ನೀರು ಅದರ ಬಿರುಕುಗಳಲ್ಲಿ ಮಾತ್ರ ಇರುತ್ತದೆ. 30 ಗುಂಟೆಯಲ್ಲಿ ಹತ್ತು ಬೋರು ಕೊರೆಸಿದರೆ ಒಂದೇ ಬಿರುಕಿನ ನೀರನ್ನು ಹತ್ತು ಜನ ಎಳೆಯುತ್ತೀರಿ, ಹತ್ತು ಪಂಪಿಗೆ ವಿದ್ಯುತ್ ಸುಡುತ್ತೀರಿ.

ಮಳೆನೀರಿನ ಲೆಕ್ಕ ನೋಡಿರಿ. ಇಲ್ಲಿ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುತ್ತದೆ. ಒಂದು ಚದರ ಮೀಟರ್ ಮಾಳಿಗೆಯ ಮೇಲೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ಹತ್ತು ಮನೆಗಳ ಮಾಳಿಗೆ ಒಟ್ಟು 1,000 ಚದರ ಮೀಟರ್ ಎಂದು ಹಿಡಿದು, ಐದರಲ್ಲಿ ಒಂದು ಪಾಲು ವ್ಯರ್ಥವಾದರೂ 4,80,000 ಲೀಟರ್ ಸಿಗುತ್ತದೆ. ಕುಡಿಯಲು ಮತ್ತು ಅಡುಗೆಗೆ ಮನೆಗೆ ದಿನಕ್ಕೆ 40 ಲೀಟರ್ ಬೇಕೆಂದರೆ ಹತ್ತು ಮನೆಗೆ ವರ್ಷಕ್ಕೆ 1,46,000 ಲೀಟರ್ ಸಾಕು. 10 ಮೀಟರ್ ಉದ್ದ, 5 ಮೀಟರ್ ಅಗಲ, 3 ಮೀಟರ್ ಆಳದ ಒಂದೇ ನೆಲತೊಟ್ಟಿ ಅಷ್ಟನ್ನು ಹಿಡಿಯುತ್ತದೆ. ಹತ್ತು ಸಣ್ಣ ತೊಟ್ಟಿಗಳಿಗಿಂತ ಒಂದು ದೊಡ್ಡ ತೊಟ್ಟಿಗೆ ಗೋಡೆ ಕಡಿಮೆ ಬೇಕಾಗುತ್ತದೆ, ಖರ್ಚೂ ಕಡಿಮೆ. ಉಳಿದ ನೀರನ್ನು ಒಂದು ಬೋರಿನ ಪಕ್ಕ ಇಂಗಿಸಿರಿ. ಹೆಚ್ಚಿನ ಮಳೆ ಸೆಪ್ಟೆಂಬರಿನಲ್ಲಿ ಬರುವುದರಿಂದ ಅದಕ್ಕೆ ಮೊದಲು ಮಾಳಿಗೆ ತೊಳೆದಿಡಬೇಕು. 1620ರ ತಾಜ್ ಬಾವಡಿ ಎಂಬ ಬಾವಿಯನ್ನೂ ಬೇಗಂ ತಲಾಬ್ ಎಂಬ ಕೆರೆಯನ್ನೂ ಕಟ್ಟಿಸಿದ ಊರಿನಲ್ಲಿ ನೀರನ್ನು ಕೂಡಿ ಹಿಡಿಯುವುದು ಹೊಸ ವಿಚಾರವೇನಲ್ಲ.

ಮನೆಗಳ ಪಕ್ಕದ ಗೋಡೆಗಳು ಒಂದೇ ಆದರೆ ಬಿಸಿಲು ತಾಗುವ ಗೋಡೆಯೂ ಕಡಿಮೆಯಾಗುತ್ತದೆ. 40 ಡಿಗ್ರಿ ದಾಟುವ ನಮ್ಮ ಬೇಸಿಗೆಯಲ್ಲಿ ಅದು ಸಣ್ಣ ಮಾತಲ್ಲ.

ಉತ್ತರ 3 (ಬಾಗಲಕೋಟೆ, ಗೃಹಿಣಿ)

ಸರ್, ನಾನು ಕಟ್ಟಡದ ವಿಷಯ ಓದಿದವಳಲ್ಲ. ಆಲಮಟ್ಟಿಯ ಹಿನ್ನೀರಿಗೆ ಹಳೆ ಬಾಗಲಕೋಟೆಯ ನಮ್ಮ ಓಣಿ ಹೋದ ಮೇಲೆ ನವನಗರಕ್ಕೆ ಬಂದವಳು. ಆ ಹಳೆ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ 16 ಮನೆಗಳಿದ್ದವು. ಸಂಜೆ ಕಟ್ಟೆಯ ಮೇಲೆ ಒಬ್ಬರು ಸೊಪ್ಪು ಸೋಸಿದರೆ ಇನ್ನೊಬ್ಬರು ಅಕ್ಕಿ ಹಸನು ಮಾಡುತ್ತಿದ್ದರು, ಮಕ್ಕಳು ಯಾರ ಮನೆಯಲ್ಲಿ ಉಂಡರೆಂದು ಯಾರೂ ಕೇಳುತ್ತಿರಲಿಲ್ಲ. ನವನಗರದಲ್ಲಿ ನಮಗೆ ಅಗಲವಾದ ರಸ್ತೆ, ದೊಡ್ಡ ಮನೆ, ಗಾಳಿ ಬೆಳಕು ಎಲ್ಲವೂ ಸಿಕ್ಕವು; ಆದರೆ ಆ 16 ಮನೆಯವರು ಬೇರೆ ಬೇರೆ ಸೆಕ್ಟರ್‌ಗಳಿಗೆ ಹಂಚಿಹೋದರು. ನಮ್ಮ ಅತ್ತೆಯವರು ಹೊಸ ಮನೆಯಲ್ಲಿ ಬದುಕಿದ ನಾಲ್ಕು ವರ್ಷವೂ ಸಂಜೆ ಐದಕ್ಕೆ ಎದ್ದು ಬಾಗಿಲ ಹೊರಗೆ ಕುಳಿತುಕೊಳ್ಳುತ್ತಿದ್ದರು, ಮಾತನಾಡಿಸಲು ಯಾರೂ ಬರುತ್ತಿರಲಿಲ್ಲ. ಮನೆಯ ಬೆಲೆ ಕಟ್ಟುವವರು ಓಣಿಯ ಬೆಲೆ ಕಟ್ಟುವುದಿಲ್ಲ. ನೀವು ಹತ್ತು ಜನ ನಿಮ್ಮ ಕೈಯಾರೆ ಒಂದು ಓಣಿಯನ್ನು ಮಾಡಿಕೊಳ್ಳಲು ಹೊರಟಿದ್ದೀರಿ ಎಂದು ಓದಿ ನನಗೆ ಕಣ್ಣು ತುಂಬಿ ಬಂದಿತು.

ಒಂದು ಮಾತು ಮಾತ್ರ ಸ್ಪಷ್ಟವಾಗಿ ಹೇಳುತ್ತೇನೆ. ವಾರದಲ್ಲಿ ಎರಡು ದಿನ ಸಾಮೂಹಿಕ ಊಟವೆಂದರೆ ಹತ್ತು ಮನೆಯ ಹೆಂಗಸರು ಮೂವತ್ತು ಜನರ ರೊಟ್ಟಿ ಬಡಿಯುವುದು ಎಂದಾಗಬಾರದು. ಅಡುಗೆಯ ಪಾಳಿಯಲ್ಲಿ ಗಂಡಸರ ಹೆಸರೂ ಬರೆದಿರಬೇಕು, ಅದೂ ಮನೆ ಕಟ್ಟುವ ಮೊದಲೇ. ಅದನ್ನು ಒಪ್ಪದವರು ಯಾರೆಂದು ಈಗಲೇ ತಿಳಿದರೆ ಒಳ್ಳೆಯದು.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಬಾಗಲಕೋಟೆಯ ಅಕ್ಕಾವರ ಮಾತನ್ನು ನಿನ್ನೆ ನಮ್ಮ ಸಭೆಯಲ್ಲಿ ಓದಿ ಹೇಳಿದೆ. ಇಬ್ಬರು ಗಂಡಸರು ಸುಮ್ಮನಾದರು, ಉಳಿದವರು ಒಪ್ಪಿದರು. ಜಾಗದ ಒಡೆತನವನ್ನು ಕಾಗದದ ಮೇಲೆ ಹೇಗೆ ಇಡಬೇಕು?

ಉತ್ತರ 1ರವರು ಮತ್ತೆ

ಎರಡು ದಾರಿಗಳಿವೆ: 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯಡಿ ವಸತಿ ಸಹಕಾರ ಸಂಘ, ಅಥವಾ 1972ರ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ. ದೇಶದ ಮೊದಮೊದಲ ಸಹಕಾರ ಸಂಘಗಳಲ್ಲೊಂದು 1905ರಲ್ಲಿ ನಮ್ಮ ನೆರೆಯ ಗದಗ ಜಿಲ್ಲೆಯ ಕಣಗಿನಹಾಳದಲ್ಲಿಯೇ ಹುಟ್ಟಿದ್ದು, ಆದ್ದರಿಂದ ನನ್ನ ಮನಸ್ಸು ಮೊದಲನೆಯದರ ಕಡೆಗಿದೆ. ಆದರೂ ನಿಮ್ಮ ಜಾಗದ ಉತಾರ (ಹಕ್ಕಿನ ದಾಖಲೆ) ತೋರಿಸಿ ವಕೀಲರನ್ನು ಕೇಳಿಯೇ ನಿರ್ಧರಿಸಿರಿ. ಒಬ್ಬರು ತೀರಿಕೊಂಡಾಗ ಅಥವಾ ಮಾರಲು ಬಯಸಿದಾಗ ಮನೆ ಯಾರಿಗೆ, ಯಾವ ಬೆಲೆಗೆ ಹೋಗಬೇಕೆಂಬುದನ್ನು ಮೊದಲ ಪುಟದಲ್ಲಿಯೇ ಬರೆಸಿರಿ. ಆ ಇಬ್ಬರು ಸುಮ್ಮನಾದವರು ಪಾಳಿಗೆ ಒಪ್ಪಿದ ಮೇಲೆ ನಕ್ಷೆಗೆ ಕೂಡೋಣ.